ಹೋಸ್ಟ್ ಫ್ಯಾಮಿಲಿ ಮನೆಯಲ್ಲಿ ಮೊದಲ ದಿನ: ಹೊಸಿಲು ದಾಟುವುದರಿಂದ ಮರುದಿನ ಬೆಳಗಿನವರೆಗೆ

ಓದಲು ವಿದೇಶಕ್ಕೆ ಹೊರಟವರಿಗೆ ವೀಸಾ, ಫೀಸು, ಟಿಕೆಟ್ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಅಲ್ಲಿ ಇಳಿದ ಮೇಲೆ, ನಿಮ್ಮನ್ನು ಮನೆಯಲ್ಲಿ ಇಟ್ಟುಕೊಳ್ಳುವ, ಮುಖಪರಿಚಯವೂ ಇಲ್ಲದ ಒಂದು ಕುಟುಂಬದ (ಹೋಸ್ಟ್ ಫ್ಯಾಮಿಲಿ) ಜೊತೆ ಮೊದಲ ದಿನ ಹೇಗೆ ಕಳೆಯಬೇಕು ಅಂತ ಹೇಳುವವರು ಕಡಿಮೆ. ಹೊಟ್ಟೆಯೊಳಗೆ ಒಂಥರಾ ಅಳುಕು ಇರುವುದು ಸಹಜ. ಆದರೆ ಈ ದಾರಿಯಲ್ಲಿ ನಿಮಗಿಂತ ಮುಂಚೆ ಬಹಳ ಜನ ನಡೆದಿದ್ದಾರೆ. ‘ಎಕ್ಸ್‌ಪೆರಿಮೆಂಟ್ ಇನ್ ಇಂಟರ್‌ನ್ಯಾಷನಲ್ ಲಿವಿಂಗ್’ ಅನ್ನುವ, ಇಂಥ ಮನೆವಾಸ ಏರ್ಪಡಿಸುವ ಸಂಸ್ಥೆ ಶುರುವಾಗಿದ್ದು 1932ರಲ್ಲಿ. ಎಎಫ್ಎಸ್ (ಅಮೆರಿಕನ್ ಫೀಲ್ಡ್ ಸರ್ವಿಸ್) ಸಂಸ್ಥೆ ವಿದ್ಯಾರ್ಥಿಗಳನ್ನು ಬೇರೆ ದೇಶದ ಮನೆಗಳಿಗೆ ಕಳಿಸಲು ಆರಂಭಿಸಿದ್ದು 1947ರಲ್ಲಿ.

ಮೊದಲ ದಿನ ಎಲ್ಲರೂ ‘ಒಳ್ಳೆ ಹುಡುಗ’, ‘ಒಳ್ಳೆ ಹುಡುಗಿ’ ಅನ್ನಿಸಿಕೊಳ್ಳಲು ಒದ್ದಾಡುತ್ತಾರೆ. ಏನೂ ಕೇಳುವುದಿಲ್ಲ, ಎಲ್ಲಕ್ಕೂ ತಲೆ ಆಡಿಸುತ್ತಾರೆ, ಬೇಗ ಕೋಣೆ ಸೇರಿಕೊಳ್ಳುತ್ತಾರೆ. ಇದು ಉಲ್ಟಾ ಆಗಬೇಕು. ಮೊದಲ ದಿನ ಇರುವುದೇ ಕೇಳುವುದಕ್ಕೆ. ಷವರ್ ಹೇಗೆ ತಿರುಗಿಸುವುದು, ಕಸ ಎಲ್ಲಿ ಹಾಕುವುದು, ರಾತ್ರಿ ಹಸಿವಾದರೆ ಏನು ಮಾಡುವುದು ಅಂತ ಅವತ್ತು ಕೇಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮೂರು ವಾರ ಬಿಟ್ಟು ಅದನ್ನೇ ಕೇಳಲು ನಿಮಗೂ ಮುಜುಗರ, ಅವರಿಗೂ ‘ಇಷ್ಟು ದಿನ ಏನು ಮಾಡುತ್ತಿದ್ದರಪ್ಪ’ ಅನ್ನಿಸುತ್ತದೆ.

ವಿಮಾನ ಹತ್ತುವ ಮೊದಲೇ ಮಾಡಿಕೊಳ್ಳಬೇಕಾದದ್ದು

ಮನೆಯವರ ಹೆಸರು, ವಿಳಾಸ, ಫೋನ್ ನಂಬರ್‌ಗಳನ್ನು ಒಂದು ಕಾಗದದ ಮೇಲೆ ಬರೆದು ಪಾಸ್‌ಪೋರ್ಟ್ ಜೊತೆ ಇಡಿ. ವಿಳಾಸವನ್ನು ಆ ದೇಶದ ಲಿಪಿಯಲ್ಲೂ ಬರೆಸಿಕೊಂಡಿರಿ. ಫೋನ್‌ನಲ್ಲಿ ಇದೆ ಅಂತ ಸುಮ್ನೆ ಇರಬೇಡಿ. ಉದ್ದದ ಪ್ರಯಾಣ ಮುಗಿಯುವ ಹೊತ್ತಿಗೆ ಚಾರ್ಜ್ ಇರುವುದಿಲ್ಲ, ಹೊಸ ಸಿಮ್ ಕೆಲಸ ಮಾಡುವುದಿಲ್ಲ, ಟ್ಯಾಕ್ಸಿಯವರಿಗೆ ತೋರಿಸಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ನಿಮ್ಮನ್ನು ಕಳಿಸುತ್ತಿರುವ ಸಂಸ್ಥೆಯ ತುರ್ತು ನಂಬರ್ ಕೂಡ ಅದೇ ಕಾಗದದಲ್ಲಿರಲಿ.

ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ಹಲ್ಲುಜ್ಜುವ ಬ್ರಷ್, ದಿನಾ ತೆಗೆದುಕೊಳ್ಳುವ ಮಾತ್ರೆ, ಚಾರ್ಜರ್, ಪ್ಲಗ್ ಅಡಾಪ್ಟರ್ ಇರಲಿ. ದೊಡ್ಡ ಸೂಟ್‌ಕೇಸ್ ಒಂದು ದಿನ ತಡವಾಗಿ ಬಂದರೂ ರಾತ್ರಿ ಕಳೆಯಬಹುದು. ಪವರ್ ಬ್ಯಾಂಕ್ ಹೇಗೂ ಕೈಚೀಲದಲ್ಲೇ ಹೋಗಬೇಕು, ಚೆಕ್-ಇನ್ ಲಗೇಜಿನಲ್ಲಿ ಬಿಡುವುದಿಲ್ಲ. ಮನೆಯವರಿಗೆ ತಿನ್ನುವ ಉಡುಗೊರೆ ಒಯ್ಯುವವರು ಇನ್ನೊಂದು ವಿಷಯ ನೋಡಿಕೊಳ್ಳಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ಕಡೆ ತಿನ್ನುವ ವಸ್ತುಗಳನ್ನು ಇಳಿಯುವಾಗ ಫಾರ್ಮಿನಲ್ಲಿ ಬರೆದು ತೋರಿಸಲೇಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.

ಇನ್ನೊಂದನ್ನು ಬಹಳ ಜನ ವಿಚಾರಿಸುವುದೇ ಇಲ್ಲ. ಈ ಕುಟುಂಬಕ್ಕೆ ನಿಮ್ಮನ್ನು ಇಟ್ಟುಕೊಳ್ಳುವುದಕ್ಕೆ ದುಡ್ಡು ಸಿಗುತ್ತದೆಯೋ, ಇಲ್ಲವೋ? ಅಮೆರಿಕದ ಹೈಸ್ಕೂಲಿನಲ್ಲಿ ಕೆಲಕಾಲ ಓದಿ ಬರುವ ವಿನಿಮಯಕ್ಕೆ ಜೆ-1 ಅನ್ನುವ ವಿನಿಮಯ ವೀಸಾದಲ್ಲಿ ಹೋಗುವವರನ್ನು ಇಟ್ಟುಕೊಳ್ಳುವ ಮನೆಯವರು ದುಡ್ಡು ತೆಗೆದುಕೊಳ್ಳುವಂತಿಲ್ಲ. ಅವರು ನಿಮ್ಮನ್ನು ಕರೆಸಿಕೊಂಡಿರುವುದೇ ಮನೆಯ ಮಗು ಥರ ಇರಲಿ ಅಂತ. ಭಾಷಾ ಶಾಲೆಗಳು ಹುಡುಕಿಕೊಡುವ ಮನೆಗಳಲ್ಲಿ ಸಾಮಾನ್ಯವಾಗಿ ವಾರಕ್ಕೋ ತಿಂಗಳಿಗೋ ಇಷ್ಟು ಅಂತ ಬಾಡಿಗೆ ಇರುತ್ತದೆ. ಅಲ್ಲಿ ದಿನಕ್ಕೆ ಎಷ್ಟು ಊಟ, ಬಟ್ಟೆ ಯಾರು ಒಗೆಯುವುದು ಅನ್ನುವುದೆಲ್ಲ ಕಾಗದದಲ್ಲೇ ಬರೆದಿರುತ್ತದೆ. ಎರಡೂ ಮನೆಗಳಲ್ಲಿ ಪ್ರೀತಿ ಸಿಗಬಹುದು. ಆದರೆ ನಿರೀಕ್ಷೆ ಬೇರೆ. ಹೋಗುವ ಮೊದಲೇ ಆ ಕಾಗದವನ್ನು ಒಂದು ಸಲ ಪೂರ್ತಿ ಓದಿ.

ಬಾಗಿಲಲ್ಲಿ

ಅವರಿಗೂ ಅಳುಕು ಇರುತ್ತದೆ. ಕೋಣೆ ಇಷ್ಟ ಆಗುತ್ತದೋ ಇಲ್ಲವೋ, ಇವರು ಏನು ತಿನ್ನುತ್ತಾರೋ ಅಂತ ಅವರೂ ತಲೆ ಕೆಡಿಸಿಕೊಂಡಿರುತ್ತಾರೆ. ಇದು ನೆನಪಿದ್ದರೆ ಅರ್ಧ ಭಾರ ಇಳಿದಂತೆ.

ಅಪ್ಪಿಕೊಳ್ಳಬೇಕೋ, ಕೈ ಕುಲುಕಬೇಕೋ, ತಲೆ ಬಾಗಿಸಬೇಕೋ ಅಂತ ಗೊತ್ತಾಗದಿದ್ದರೆ ಒಂದು ಕ್ಷಣ ತಡೆಯಿರಿ. ಅವರು ಮಾಡಿದ್ದನ್ನೇ ಮಾಡಿ. ಯಾರಾದರೂ ಅಪ್ಪಿಕೊಳ್ಳಲು ಬಂದಾಗ ನಿಮಗೆ ಹಿತ ಅನ್ನಿಸದಿದ್ದರೆ ನಗುತ್ತಾ ಕೈ ಮುಂದೆ ಮಾಡಿದರೆ ಸಾಕು. ಚಪ್ಪಲಿ, ಶೂ ವಿಷಯದಲ್ಲೂ ಅಷ್ಟೇ. ಬಾಗಿಲ ಹತ್ತಿರ ಜೋಡಿಸಿಟ್ಟ ಶೂಗಳು ಕಂಡರೆ ನೀವೂ ಬಿಡಿ. ಕಾಣದಿದ್ದರೆ ಕೇಳಿ.

‘ನಿಮ್ಮನ್ನು ಏನಂತ ಕರೆಯಲಿ?’ ಅನ್ನುವುದನ್ನು ಮಾತ್ರ ಮೊದಲ ಹತ್ತು ನಿಮಿಷದಲ್ಲೇ ಕೇಳಿಬಿಡಿ. ಕೆಲವರು ಹೆಸರು ಹಿಡಿದು ಕರೆಯಿರಿ ಅನ್ನುತ್ತಾರೆ. ದೊಡ್ಡವರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಏಳದೇ ಇರಬಹುದು. ಆದರೂ ಅವರು ಹೇಳಿದಂತೆಯೇ ಕರೆಯಿರಿ. ಇದನ್ನು ಕೇಳದೆ ಬಿಟ್ಟವರು ತಿಂಗಳುಗಟ್ಟಲೆ ಯಾರನ್ನೂ ಏನೂ ಅಂತ ಕರೆಯದೆ, ಎದುರಿಗೆ ಬಂದಾಗ ಮಾತ್ರ ಮಾತಾಡುತ್ತಾ ದಿನ ದೂಡುತ್ತಾರೆ. ನಿಮ್ಮ ಹೆಸರನ್ನೂ ನಿಧಾನವಾಗಿ ಎರಡು ಸಲ ಹೇಳಿ. ಅವರು ತಪ್ಪಾಗಿ ಹೇಳಿದರೆ ಅವತ್ತೇ ತಿದ್ದಿ. ಆಮೇಲೆ ಅದೇ ಗಟ್ಟಿಯಾಗಿಬಿಡುತ್ತದೆ.

ಒಳಗೆ ಹೋದ ಮೇಲೆ ನೀರು ಕುಡಿಯಿರಿ, ಮುಖ ತೊಳೆಯಿರಿ, ವೈ-ಫೈ ಪಾಸ್‌ವರ್ಡ್ ಕೇಳಿ, ಮನೆಗೆ ‘ಬಂದು ತಲುಪಿದೆ’ ಅಂತ ಎರಡು ಸಾಲು ಕಳಿಸಿ. ಉದ್ದದ ವಿಡಿಯೋ ಕಾಲ್ ನಾಳೆಗೆ ಇರಲಿ. ಅಪ್ಪ ಅಮ್ಮನಿಗೆ ಇದನ್ನು ಹೊರಡುವ ಮೊದಲೇ ಹೇಳಿಟ್ಟರೆ ಅವರೂ ಗಾಬರಿಯಾಗುವುದಿಲ್ಲ.

ಮನೆ ಸುತ್ತುವಾಗ

ಸಾಮಾನ್ಯವಾಗಿ ಅವರೇ ಮನೆ ತೋರಿಸುತ್ತಾರೆ. ತೋರಿಸದಿದ್ದರೆ ‘ಮನೆ ಒಂದು ಸಲ ತೋರಿಸುತ್ತೀರಾ?’ ಅಂತ ಕೇಳಿ. ಬರೀ ‘ಚೆನ್ನಾಗಿದೆ, ಚೆನ್ನಾಗಿದೆ’ ಅನ್ನುತ್ತಾ ಹಿಂದೆ ಹೋಗಬೇಡಿ. ಪ್ರತಿಯೊಂದನ್ನೂ ಕೈಯಿಂದ ಮುಟ್ಟಿ, ತಿರುಗಿಸಿ ನೋಡಿ. ಮುಂದಿನ ತಿಂಗಳುಗಳ ನೆಮ್ಮದಿ ಇಲ್ಲೇ ತೀರ್ಮಾನ ಆಗುತ್ತದೆ.

ಬಚ್ಚಲುಮನೆಯಿಂದ ಶುರುಮಾಡಿ. ಜಗಳ, ಮುಜುಗರ ಎರಡೂ ಅಲ್ಲೇ ಜಾಸ್ತಿ ಹುಟ್ಟುವುದು. ಬಿಸಿನೀರು ಎಲ್ಲಿಂದ ಬರುತ್ತದೆ ಅಂತ ಕೇಳಿ. ಹಲವು ಮನೆಗಳಲ್ಲಿ ಒಂದು ಟ್ಯಾಂಕಿನಲ್ಲಿ ನೀರು ಕಾಯ್ದಿರುತ್ತದೆ. ಅದು ಖಾಲಿಯಾದರೆ ಮತ್ತೆ ಕಾಯುವವರೆಗೆ ತಣ್ಣೀರೇ. ನೀವು ಅರ್ಧ ಗಂಟೆ ಷವರ್ ಕೆಳಗೆ ನಿಂತರೆ ನಿಮ್ಮ ನಂತರ ಸ್ನಾನಕ್ಕೆ ಬಂದವರು ನಡುಗುತ್ತಾರೆ. ಎಷ್ಟು ನಿಮಿಷ ಸ್ನಾನ ಮಾಡಬಹುದು, ಬೆಳಿಗ್ಗೆ ಯಾರ ಸರದಿ ಯಾವಾಗ, ರಾತ್ರಿ ಎಷ್ಟು ಹೊತ್ತಿನ ಮೇಲೆ ನೀರು ಬಿಡಬಾರದು, ಈ ಮೂರೂ ಗೊತ್ತಿರಲಿ. ಷವರ್ ಪರದೆ ಇದ್ದರೆ ಅದರ ತುದಿ ತೊಟ್ಟಿಯ ಒಳಗೆ ಇಳಿಬಿದ್ದಿರಬೇಕು. ಹೊರಗಿದ್ದರೆ ನೆಲವೆಲ್ಲ ನೀರು. ಎಷ್ಟೋ ಮನೆಗಳ ಬಚ್ಚಲುಮನೆಯ ನೆಲದಲ್ಲಿ ನೀರು ಹೋಗುವ ತೂತೇ ಇರುವುದಿಲ್ಲ. ಚೆಲ್ಲಿದ ನೀರು ಕೆಳಗಿನ ಮಹಡಿಗೆ ಇಳಿಯುತ್ತದೆ. ಸ್ನಾನ ಆದ ಮೇಲೆ ಫ್ಯಾನ್ ಹಾಕಬೇಕೋ ಕಿಟಕಿ ತೆಗೆಯಬೇಕೋ ಕೇಳಿ, ಇಲ್ಲದಿದ್ದರೆ ಗೋಡೆಗೆ ಬೂಸ್ಟು ಹಿಡಿಯುತ್ತದೆ.

ಜಪಾನಿಗೆ ಹೋಗುವವರು ಇದನ್ನು ಇನ್ನೂ ಎಚ್ಚರದಿಂದ ಕಲಿಯಬೇಕು. ಅಲ್ಲಿ ತೊಟ್ಟಿಯ ಹೊರಗೆ ಕೂತು ಸೋಪು ಹಚ್ಚಿ, ಪೂರ್ತಿ ಮೈ ತೊಳೆದುಕೊಂಡು, ಆಮೇಲೆ ಬಿಸಿನೀರಿನ ತೊಟ್ಟಿಗೆ ಇಳಿಯುತ್ತಾರೆ. ಅದೇ ನೀರಿಗೆ ಮನೆಮಂದಿ ಒಬ್ಬರಾದ ಮೇಲೆ ಒಬ್ಬರು ಇಳಿಯುತ್ತಾರೆ. ಹಾಗಾಗಿ ತೊಟ್ಟಿಯೊಳಗೆ ಸೋಪು ಹಚ್ಚಬಾರದು, ಮೇಲೆ ಬಂದಾಗ ನೀರು ಹರಿಯಬಿಡಬಾರದು.

ಟಾಯ್ಲೆಟ್‌ನಲ್ಲಿ ಕಾಗದ ಒಳಗೆ ಹಾಕಬಹುದೋ, ಪಕ್ಕದ ಬುಟ್ಟಿಗೆ ಹಾಕಬೇಕೋ, ಅದು ದೇಶದಿಂದ ದೇಶಕ್ಕೆ ಬೇರೆ. ಕೇಳಲು ನಾಚಿಕೆ ಅನ್ನಿಸಿದರೂ ಕೇಳಿ. ಸ್ಯಾನಿಟರಿ ಪ್ಯಾಡ್ ಎಲ್ಲಿ ಹಾಕುವುದು ಅಂತ ಹೆಣ್ಣುಮಕ್ಕಳು ಮನೆಯ ಹೆಂಗಸರನ್ನು ಮೊದಲ ದಿನವೇ ವಿಚಾರಿಸಿಕೊಂಡುಬಿಡಿ. ಒದ್ದೆ ವೈಪ್ಸ್, ಪ್ಯಾಡ್ ಎರಡನ್ನೂ ಯಾವ ದೇಶದಲ್ಲೂ ಟಾಯ್ಲೆಟ್‌ಗೆ ಹಾಕಬೇಡಿ. ಪೈಪ್ ಕಟ್ಟಿಕೊಳ್ಳುತ್ತದೆ.

ಅಡುಗೆಮನೆಯಲ್ಲಿ ‘ಮನೆಯದ್ದೆಲ್ಲ ನಿನ್ನದೇ ಅಂದುಕೋ’ ಅಂತ ಹೇಳುತ್ತಾರೆ. ಅಷ್ಟಕ್ಕೆ ಬಿಡಬೇಡಿ. ‘ಫ್ರಿಜ್‌ನಲ್ಲಿ ನಾನು ಕೇಳದೆ ತೆಗೆದುಕೊಳ್ಳಬಹುದಾದದ್ದು ಯಾವುದು?’ ಅಂತ ಕೇಳಿ. ಸಾಮಾನ್ಯವಾಗಿ ಒಂದು ತಟ್ಟೆಯನ್ನೋ ಒಂದು ಗೂಡನ್ನೋ ತೋರಿಸುತ್ತಾರೆ. ಅಲ್ಲಿಗೆ ರಾತ್ರಿ ಹಸಿವಿನ ಸಮಸ್ಯೆ ಮುಗಿಯಿತು. ಒಲೆ ಹೇಗೆ ಹಚ್ಚುವುದು ನೋಡಿಕೊಳ್ಳಿ. ಇಂಡಕ್ಷನ್ ಆದರೆ ಎಲ್ಲ ಪಾತ್ರೆ ಆಗುವುದಿಲ್ಲ. ಹೊಗೆ ಪತ್ತೆ ಮಾಡುವ ಅಲಾರಂ ಹಲವು ಮನೆಗಳಲ್ಲಿ ಮೇಲೆ ಇರುತ್ತದೆ, ಒಗ್ಗರಣೆ ಹೊಗೆಗೂ ಕೂಗಿಕೊಳ್ಳಬಹುದು. ಹಾಗೆ ಕೂಗಿದರೆ ಏನು ಮಾಡಬೇಕು ಅಂತ ಕೇಳಿಟ್ಟುಕೊಳ್ಳಿ. ಪಾತ್ರೆ ತೊಳೆಯುವ ಮೆಷಿನ್‌ಗೆ ಕೈಯಲ್ಲಿ ತೊಳೆಯುವ ಲಿಕ್ವಿಡ್ ಹಾಕಬೇಡಿ. ನೊರೆ ಉಕ್ಕಿ ನೆಲದ ಮೇಲೆ ಹರಿಯುತ್ತದೆ. ಅದಕ್ಕೆ ಬೇರೆಯದೇ ಪುಡಿ ಅಥವಾ ಬಿಲ್ಲೆ ಇರುತ್ತದೆ. ಕಸಕ್ಕೆ ಎಷ್ಟು ಡಬ್ಬಿ ಇವೆ ಎಣಿಸಿ, ಯಾವುದಕ್ಕೆ ಏನು ಅಂತ ಫೋಟೋ ತೆಗೆದುಕೊಳ್ಳಿ. ಜರ್ಮನಿ, ಜಪಾನ್ ಕಡೆ ಇದನ್ನು ಬಹಳ ಗಟ್ಟಿಯಾಗಿ ಪಾಲಿಸುತ್ತಾರೆ.

ಇನ್ನು ಕೀ. ಕೈಗೆ ಕೀ ಕೊಟ್ಟಾಗ ಜೇಬಿಗೆ ಹಾಕಿಕೊಂಡು ಥ್ಯಾಂಕ್ಸ್ ಹೇಳಿ ಮುಗಿಸಬೇಡಿ. ಅವರು ಪಕ್ಕದಲ್ಲಿ ಇರುವಾಗಲೇ ಹೊರಗೆ ಹೋಗಿ, ಬಾಗಿಲು ಎಳೆದುಕೊಂಡು, ನೀವೇ ತೆಗೆದು ನೋಡಿ. ಕೆಲವು ಬಾಗಿಲುಗಳಲ್ಲಿ ಹಿಡಿಯನ್ನು ಮೊದಲು ಮೇಲಕ್ಕೆ ಎತ್ತಬೇಕು, ಒಳಗಿನ ಕೊಂಡಿಗಳು ‘ಕಟಕ್’ ಅಂತ ಕೂತ ಮೇಲೆ ಕೀ ತಿರುಗಿಸಬೇಕು. ಎತ್ತದೆ ಎಷ್ಟು ತಿರುಗಿಸಿದರೂ ಬೀಗ ಬೀಳುವುದಿಲ್ಲ. ಇನ್ನು ಕೆಲವು ಬಾಗಿಲು ಎಳೆದರೆ ಸಾಕು, ತಾವೇ ಲಾಕ್ ಆಗಿಬಿಡುತ್ತವೆ. ಕಸ ಹಾಕಲು ಎರಡು ನಿಮಿಷ ಹೊರಗೆ ಹೋದರೂ ಕೀ ಕೈಯಲ್ಲಿರಬೇಕು. ಮನೆಗೆ ಕಳ್ಳರ ಅಲಾರಂ ಇದ್ದರೆ ಅದರ ಕೋಡ್, ಅದನ್ನು ಎಷ್ಟು ಸೆಕೆಂಡಿನಲ್ಲಿ ಒತ್ತಬೇಕು ಅನ್ನುವುದೂ ಬೇಕು. ರಾತ್ರಿ ಹನ್ನೊಂದಕ್ಕೆ ಚಳಿಯಲ್ಲಿ ಬಾಗಿಲ ಮುಂದೆ ನಿಂತು ಇದನ್ನೆಲ್ಲ ಕಲಿಯುವುದಕ್ಕಿಂತ ಹಗಲಲ್ಲಿ ಮೂರು ಸಲ ತೆಗೆದು ಹಾಕಿ ನೋಡುವುದು ಮೇಲು.

ಊಟದ ಮೇಜಿನಲ್ಲಿ

ಏನು ತಿನ್ನುವುದಿಲ್ಲ ಅನ್ನುವುದನ್ನು ಮೊದಲ ಊಟದ ಮೊದಲೇ ಹೇಳಿ. ಸುತ್ತಿ ಬಳಸಿ ಹೇಳಬೇಡಿ. ‘ವೆಜಿಟೇರಿಯನ್’ ಅಂದರೆ ಕೆಲವರು ಮೀನು ಆಗುತ್ತದೆ ಅಂದುಕೊಳ್ಳುತ್ತಾರೆ, ಮಾಂಸದ ಸ್ಟಾಕ್ (ಮಾಂಸ ಬೇಯಿಸಿದ ನೀರು) ಹಾಕಿದ ಸೂಪು ಪರವಾಗಿಲ್ಲ ಅಂದುಕೊಳ್ಳುತ್ತಾರೆ. ಮಾಂಸ, ಮೀನು, ಮೊಟ್ಟೆ, ಹಾಲು ಅಂತ ಒಂದೊಂದನ್ನೇ ಹೆಸರಿಸಿ, ಯಾವುದು ಆಗುತ್ತದೆ ಯಾವುದು ಆಗುವುದಿಲ್ಲ ಅಂತ ತಿಳಿಸಿ. ಅಲರ್ಜಿ ಇದ್ದರೆ ಅದು ಸಂಕೋಚದ ವಿಷಯವೇ ಅಲ್ಲ. ಅವರ ಭಾಷೆಯಲ್ಲಿ ಬರೆಸಿಕೊಂಡು ಹೋದ ಚೀಟಿಯನ್ನು ಕೈಗೆ ಕೊಡಿ, ಫ್ರಿಜ್ ಬಾಗಿಲಿಗೆ ಅಂಟಿಸಲು ಹೇಳಿ. ತೀವ್ರ ಅಲರ್ಜಿಗೆ ತಕ್ಷಣ ಚುಚ್ಚಿಕೊಳ್ಳುವ ಎಪಿನೆಫ್ರಿನ್ ಇಂಜೆಕ್ಷನ್, ಇನ್‌ಹೇಲರ್ ಇಟ್ಟುಕೊಂಡವರು ಅದು ಕೋಣೆಯಲ್ಲಿ ಎಲ್ಲಿದೆ, ಯಾವಾಗ ಬೇಕಾಗುತ್ತದೆ ಅಂತ ಮನೆಯ ದೊಡ್ಡವರಲ್ಲಿ ಒಬ್ಬರಿಗಾದರೂ ತೋರಿಸಿ.

ತಟ್ಟೆಗೆ ಸ್ವಲ್ಪ ಹಾಕಿಸಿಕೊಳ್ಳಿ, ಬೇಕಾದರೆ ಮತ್ತೆ ಹಾಕಿಸಿಕೊಳ್ಳಬಹುದು. ‘ಬೇಡ’ ಅಂದರೆ ಎರಡನೇ ಸಲ ಒತ್ತಾಯ ಮಾಡದೇ ಇರಬಹುದು. ಹಾಗಾಗಿ ಹಸಿವಾಗಿದ್ದಾಗ ಮರ್ಯಾದೆಗೆ ಬೇಡ ಅನ್ನಬೇಡಿ. ಎಲ್ಲರೂ ಕೂರುವವರೆಗೆ ಕಾಯಿರಿ, ಫೋನ್ ಕೋಣೆಯಲ್ಲೇ ಇರಲಿ. ಊಟ ಆದ ಮೇಲೆ ನಿಮ್ಮ ತಟ್ಟೆಯನ್ನು ಸಿಂಕ್‌ವರೆಗೆ ನೀವೇ ಒಯ್ದು, ‘ನಾನು ಏನು ಮಾಡಲಿ?’ ಅಂತ ಕೇಳಿ. ಇವತ್ತು ಏನೂ ಬೇಡ ಅನ್ನುತ್ತಾರೆ. ಪರವಾಗಿಲ್ಲ, ಕೇಳಿದ್ದು ಅವರಿಗೆ ನೆನಪಿರುತ್ತದೆ.

ಉಡುಗೊರೆ ಕೊಡಲು ಇದೇ ಒಳ್ಳೆಯ ಹೊತ್ತು. ಸೂಟ್‌ಕೇಸ್ ಬಿಚ್ಚಲು ಒಂದು ನೆಪ, ಮಾತಿಗೆ ಒಂದು ವಿಷಯ. ಬೆಲೆ ಮುಖ್ಯ ಅಲ್ಲ. ನಿಮ್ಮ ಮನೆಯವರ ನಾಲ್ಕೈದು ಫೋಟೋ ಪ್ರಿಂಟ್ ಹಾಕಿಸಿ ಒಯ್ದಿದ್ದರೆ ಅವನ್ನೂ ತೆಗೆಯಿರಿ. ಭಾಷೆ ತೊದಲುವವರಿಗೆ ಇದರಷ್ಟು ಸುಲಭದ ಮಾತು ಇನ್ನೊಂದಿಲ್ಲ. ‘ಇದು ನನ್ನ ತಂಗಿ, ಇದು ನಮ್ಮ ಮನೆ’ ಅಂದರೆ ಸಾಕು, ಪ್ರಶ್ನೆ ಅವರೇ ಕೇಳುತ್ತಾರೆ.

ಅದೇ ಮಾತಿನ ನಡುವೆ ಮನೆಯ ನಿಯಮಗಳನ್ನೂ ಕೇಳಿಕೊಳ್ಳಿ. ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರಬೇಕು? ಊಟಕ್ಕೆ ಬರುವುದಿಲ್ಲ ಅಂದರೆ ಎಷ್ಟು ಮುಂಚೆ ತಿಳಿಸಬೇಕು? ಸ್ನೇಹಿತರನ್ನು ಕರೆತರಬಹುದಾ? ಬಟ್ಟೆ ಒಗೆಯುವ ದಿನ ಯಾವುದು? ಕೋಣೆ ಬಾಗಿಲು ಮುಚ್ಚಿದ್ದರೆ ತಟ್ಟಿ ಬರಬೇಕಾ? ಮಕ್ಕಳ ಫೋಟೋ ಇನ್‌ಸ್ಟಾಗ್ರಾಂನಲ್ಲಿ ಹಾಕಬಹುದಾ? ಕೊನೆಯದನ್ನು ಕೇಳದೆ ಹಾಕಲೇಬೇಡಿ.

ಅರ್ಥ ಆಗದಿದ್ದಾಗ

ಮೊದಲ ದಿನ ಅವರ ಭಾಷೆ ಅರ್ಧಕ್ಕರ್ಧ ತಲೆ ಮೇಲೆ ಹಾರಿ ಹೋಗುತ್ತದೆ. ಕ್ಲಾಸಿನಲ್ಲಿ ಕಲಿತ ವೇಗ ಬೇರೆ, ಮನೆಯವರು ತಮ್ಮತಮ್ಮಲ್ಲಿ ಮಾತಾಡುವ ವೇಗ ಬೇರೆ. ಅರ್ಥ ಆಗದೆ ‘ಹೂಂ’ ಅನ್ನುವುದು ಅಪಾಯ. ನಾಳೆ ಏಳು ಗಂಟೆಗೆ ಹೊರಡುತ್ತೀಯಾ ಅಂತ ಕೇಳಿರುತ್ತಾರೆ, ನೀವು ಹೂಂ ಅಂದು ಮಲಗಿರುತ್ತೀರಿ. ‘ಇನ್ನೊಂದು ಸಲ ನಿಧಾನವಾಗಿ ಹೇಳುತ್ತೀರಾ’, ‘ಬರೆದು ತೋರಿಸುತ್ತೀರಾ’ ಅನ್ನುವ ಎರಡು ವಾಕ್ಯಗಳನ್ನು ಅವರ ಭಾಷೆಯಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿ. ಸಮಯ, ಜಾಗ, ದುಡ್ಡು ಈ ಮೂರರ ವಿಷಯ ಬಂದರೆ ಕೇಳಿದ್ದನ್ನು ವಾಪಸ್ ಹೇಳಿ ಖಚಿತ ಮಾಡಿಕೊಳ್ಳಿ.

ಕೋಣೆ ಮತ್ತು ನಿದ್ದೆ

ಹಗಲಲ್ಲಿ ಬಂದಿಳಿದವರು ಹೇಗಾದರೂ ಮಾಡಿ ಆ ಊರಿನ ರಾತ್ರಿಯವರೆಗೆ ಎಚ್ಚರ ಇರಿ. ನಮ್ಮ ದೇಹದ ಗಡಿಯಾರ ಹೊಸ ಸಮಯಕ್ಕೆ ಸಾಮಾನ್ಯವಾಗಿ ದಿನಕ್ಕೆ ಒಂದು ಗಂಟೆಯಷ್ಟೇ ಸರಿಯುತ್ತದೆ. ಪೂರ್ವದ ಕಡೆ ಹಾರಿದವರಿಗೆ ಇದು ಇನ್ನೂ ಕಷ್ಟ. ಬೆಳಕು ಇರುವಾಗ ಅರ್ಧ ಗಂಟೆ ಹೊರಗೆ ನಡೆದು ಬನ್ನಿ. ತೀರಾ ಆಗದಿದ್ದರೆ ಅಲಾರಂ ಇಟ್ಟು ಇಪ್ಪತ್ತು ಮೂವತ್ತು ನಿಮಿಷ ಮಲಗಿ, ಅದಕ್ಕಿಂತ ಜಾಸ್ತಿ ಬೇಡ. ಸಂಜೆ ‘ತುಂಬಾ ಸುಸ್ತಾಗಿದೆ, ಬೇಗ ಮಲಗಲಾ?’ ಅಂತ ಬಾಯಿಬಿಟ್ಟು ಹೇಳಿ. ಹೇಳದೆ ಕೋಣೆ ಸೇರಿ ಬಾಗಿಲು ಹಾಕಿಕೊಂಡರೆ ನಮ್ಮ ಮನೆ ಇಷ್ಟ ಆಗಲಿಲ್ಲವೇನೋ ಅಂತ ಅವರು ಅಂದುಕೊಳ್ಳುತ್ತಾರೆ.

ಮಲಗುವ ಮೊದಲು ಸೂಟ್‌ಕೇಸ್ ಬಿಚ್ಚಿ ಬಟ್ಟೆಯನ್ನು ಕಪಾಟಿಗೆ ಜೋಡಿಸಿ. ಎಲ್ಲ ಆಗದಿದ್ದರೂ ಅರ್ಧ. ಹೀಟರ್ ಹೇಗೆ ಹೆಚ್ಚು ಕಮ್ಮಿ ಮಾಡುವುದು, ಹೆಚ್ಚಿನ ಹೊದಿಕೆ ಎಲ್ಲಿದೆ ಕೇಳಿಟ್ಟುಕೊಳ್ಳಿ. ಪ್ಲಗ್ಗಿಗೆ ಏನಾದರೂ ಹಾಕುವ ಮುಂಚೆ ಆ ವಸ್ತುವಿನ ಮೇಲೆ ಬರೆದಿರುವ ವೋಲ್ಟ್ ಓದಿ. ಯೂರೋಪಿನಲ್ಲಿ 230 ವೋಲ್ಟ್, ಅಮೆರಿಕ ಮತ್ತು ಕೆನಡಾದಲ್ಲಿ 120, ಜಪಾನಿನಲ್ಲಿ 100. ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗಳು ಸಾಮಾನ್ಯವಾಗಿ 100ರಿಂದ 240ರವರೆಗೆ ತಡೆಯುತ್ತವೆ. ಹೇರ್ ಡ್ರೈಯರ್, ನೀರು ಕಾಯಿಸುವ ಕೆಟಲ್ ತಡೆಯದೇ ಇರಬಹುದು. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ ಅಷ್ಟೇ, ವೋಲ್ಟ್ ಬದಲಿಸುವುದಿಲ್ಲ.

ನಡುರಾತ್ರಿ ಮೂರಕ್ಕೆ ಎಚ್ಚರ ಆಗುತ್ತದೆ, ಅಳು ಬರಬಹುದು. ‘ನಾನು ಇಲ್ಲಿಗೆ ಯಾಕೆ ಬಂದೆ’ ಅನ್ನಿಸುತ್ತದೆ. ಆ ಹೊತ್ತಿನಲ್ಲಿ ವಾಪಸ್ ಹೋಗುವ ತೀರ್ಮಾನ ಮಾಡಬೇಡಿ. ನಿದ್ದೆಗೆಟ್ಟ, ಹಸಿದ, ಸುಸ್ತಾದ ತಲೆಗೆ ಎಲ್ಲವೂ ಕೆಟ್ಟದಾಗಿಯೇ ಕಾಣುತ್ತದೆ. ನೀರು ಕುಡಿದು, ಬೆಳಕಿಲ್ಲದೆ ಸುಮ್ನೆ ಮಲಗಿರಿ.

ಮುಜುಗರ ಬೇರೆ, ಭಯ ಬೇರೆ

ಊಟ ಸಪ್ಪೆ, ಕೋಣೆ ಚಿಕ್ಕದು, ನಾಯಿ ಮೈಮೇಲೆ ಬರುತ್ತದೆ ಅನ್ನುವುದೆಲ್ಲ ಮುಜುಗರ. ಮಾತಾಡಿದರೆ, ಸ್ವಲ್ಪ ದಿನ ಕಳೆದರೆ ಸರಿಹೋಗುತ್ತದೆ. ಆದರೆ ಯಾರಾದರೂ ಬಾಗಿಲು ತಟ್ಟದೆ ಪದೇ ಪದೇ ಕೋಣೆಗೆ ಬಂದರೆ, ಬೇಡ ಅಂದರೂ ಮುಟ್ಟಿದರೆ, ಪಾಸ್‌ಪೋರ್ಟ್ ತಮ್ಮ ಹತ್ತಿರ ಇಟ್ಟುಕೊಳ್ಳುತ್ತೇವೆ ಅಂದರೆ, ಒಪ್ಪಂದದಲ್ಲಿ ಇಲ್ಲದ ದುಡ್ಡು ಕೇಳಿದರೆ ಅದು ಮುಜುಗರ ಅಲ್ಲ. ಅವತ್ತೇ, ಅದೇ ರಾತ್ರಿ, ಸಂಸ್ಥೆಯ ತುರ್ತು ನಂಬರ್‌ಗೆ ಫೋನ್ ಮಾಡಿ. ‘ಮೊದಲ ದಿನವೇ ದೂರು ಹೇಳಿದರೆ ಏನಂದುಕೊಳ್ಳುತ್ತಾರೋ’ ಅಂತ ಯೋಚಿಸಬೇಡಿ. ಅಮೆರಿಕದ ಹೈಸ್ಕೂಲ್ ವಿನಿಮಯದ ನಿಯಮದಲ್ಲಿ ಮನೆಯ ವಯಸ್ಕರ ಅಪರಾಧ ಹಿನ್ನೆಲೆ ತಪಾಸಣೆ ಮಾಡುವುದು, ತಿಂಗಳಿಗೊಮ್ಮೆ ವಿದ್ಯಾರ್ಥಿಯನ್ನು ವಿಚಾರಿಸುವುದು ಎರಡೂ ಕಡ್ಡಾಯ. ನಿಮ್ಮ ಮಾತು ಕೇಳುವುದು ಆ ಸಂಸ್ಥೆಯವರ ಕೆಲಸ, ಉಪಕಾರ ಅಲ್ಲ.

ಪೊಲೀಸ್, ಆಂಬುಲೆನ್ಸ್ ನಂಬರ್ ಫೋನ್‌ನಲ್ಲಿ ಸೇವ್ ಮಾಡಿಕೊಳ್ಳಿ. ಯೂರೋಪಿಯನ್ ಒಕ್ಕೂಟದ ದೇಶಗಳಲ್ಲಿ 112, ಅಮೆರಿಕ ಮತ್ತು ಕೆನಡಾದಲ್ಲಿ 911, ಬ್ರಿಟನ್‌ನಲ್ಲಿ 999, ಆಸ್ಟ್ರೇಲಿಯಾದಲ್ಲಿ 000, ನ್ಯೂಜಿಲೆಂಡ್‌ನಲ್ಲಿ 111. ಜಪಾನಿನಲ್ಲಿ ಪೊಲೀಸರಿಗೆ 110, ಆಂಬುಲೆನ್ಸ್ ಮತ್ತು ಬೆಂಕಿಗೆ 119.

ಮರುದಿನ ಬೆಳಿಗ್ಗೆ

ಎದ್ದು ಹಾಸಿಗೆ ಸರಿಮಾಡಿ, ಹೊರಗೆ ಬಂದು ‘ಗುಡ್ ಮಾರ್ನಿಂಗ್’ ಅನ್ನುವುದನ್ನು ಅವರ ಭಾಷೆಯಲ್ಲಿ ಹೇಳಿ. ತಿಂಡಿಗೆ ಕೆಲವು ಮನೆಗಳಲ್ಲಿ ಯಾರೂ ಬಡಿಸುವುದಿಲ್ಲ, ಅವರವರೇ ಮಾಡಿಕೊಂಡು ಹೊರಡುತ್ತಾರೆ. ಅದನ್ನು ಉದಾಸೀನ ಅಂದುಕೊಳ್ಳಬೇಡಿ.

ಜರ್ಮನಿ, ಜಪಾನ್‌ಗೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಇರಲು ಹೋದವರು ವಿಳಾಸ ನೋಂದಣಿ ವಿಷಯವನ್ನು ಇವತ್ತೇ ಎತ್ತಿ. ಎರಡೂ ಕಡೆ ಎರಡು ವಾರದೊಳಗೆ ಸ್ಥಳೀಯ ಕಚೇರಿಗೆ ಹೋಗಿ ಎಲ್ಲಿ ವಾಸ ಇದ್ದೀರಿ ಅಂತ ಬರೆಸಬೇಕು. ಜರ್ಮನಿಯಲ್ಲಿ ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಕಾಗದ ಬೇಕು. ಅವರಿಗೆ ಬಿಡುವು ಯಾವಾಗ ಅಂತ ಕೇಳಿ ದಿನ ಗೊತ್ತುಮಾಡಿಕೊಳ್ಳಿ.

ಕ್ಲಾಸ್ ಶುರುವಾಗಲು ಒಂದು ದಿನ ಬಾಕಿ ಇದ್ದರೆ ಶಾಲೆಗೆ ಒಮ್ಮೆ ಹೋಗಿ ಬನ್ನಿ. ಮನೆಯವರು ಯಾರಾದರೂ ಜೊತೆ ಬಂದರೆ ಒಳ್ಳೆಯದು. ಆದರೆ ದಾರಿ ನೀವು ಹೇಳಿ, ಅವರು ಹಿಂದೆ ಬರಲಿ. ಬಸ್ ಎಲ್ಲಿ ನಿಲ್ಲುತ್ತದೆ, ವಾಪಸ್ ಬರುವಾಗ ರಸ್ತೆಯ ಯಾವ ಕಡೆ ನಿಲ್ಲಬೇಕು, ಕೊನೆಯ ಬಸ್ ಎಷ್ಟು ಹೊತ್ತಿಗೆ ಅಂತ ಬರೆದುಕೊಳ್ಳಿ. ವಾಹನ ಓಡುವ ಬದಿ ಬೇರೆ ಇರುವ ದೇಶ ಆದರೆ ರಸ್ತೆ ದಾಟುವಾಗ ಎರಡೂ ಕಡೆ ನೋಡಿ. ಮನೆಗೆ ವಾಪಸ್ ಬಂದಾಗ ಬಾಗಿಲ ಬೆಲ್ ಒತ್ತಬೇಡಿ, ನಿಮ್ಮ ಕೀಯಿಂದಲೇ ತೆಗೆದು ಒಳಗೆ ಹೋಗಿ, ಬಂದೆ ಅಂತ ಕೂಗಿ ಹೇಳಿ.